ಕುಗ್ಗಿದ ಮನಸ್ಸಿಗೆ ಯಾವ ಹಾಡು, ಯಾವಾಗ, ಹೇಗೆ

ಬೇಜಾರಲ್ಲಿ ಇರುವವರಿಗೆ ಸುತ್ತಲಿನವರು ಮೊದಲು ಹೇಳುವ ಮಾತು ಇದು: "ಸುಮ್ನೆ ಕೂತು ಯೋಚನೆ ಮಾಡಬೇಡ, ಒಳ್ಳೇ ಹಾಡು ಹಾಕ್ಕೊಂಡು ಕೇಳು." ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ನಾನು ಸಂಗೀತ ಚಿಕಿತ್ಸಕಿ. ನನ್ನ ಮುಂದೆ ಬಂದು ಕೂರುವವರಲ್ಲಿ ಬಹಳ ಮಂದಿ ಅದನ್ನು ಆಗಲೇ ಮಾಡಿ ನೋಡಿರುತ್ತಾರೆ. "ಹಾಕ್ಕೊಂಡೆ ಮೇಡಂ, ಇನ್ನೂ ಜಾಸ್ತಿ ಬೇಜಾರಾಯ್ತು" ಎನ್ನುತ್ತಾರೆ. ಹೇಳುವಾಗ ತಲೆ ತಗ್ಗಿಸಿರುತ್ತಾರೆ. ಹಾಡು ಕೇಳಿಯೂ ಖುಷಿಯಾಗಲಿಲ್ಲ ಅಂದರೆ ತಮ್ಮಲ್ಲೇ ಏನೋ ಕೆಟ್ಟಿದೆ ಎಂದು ಅಂದುಕೊಂಡಿರುತ್ತಾರೆ.

ಹಾಗೇನೂ ಇಲ್ಲ. ಮನಸ್ಸು ಪೂರ್ತಿ ಕುಸಿದಿರುವಾಗ ಕುಣಿಯುವ ಹಾಡು ಹಾಕಿದರೆ ಅದು ಪರರ ಮನೆಯ ಹಬ್ಬದ ಹಾಗೆ ಕೇಳಿಸುತ್ತದೆ. ಅಲ್ಲಿ ಎಲ್ಲರೂ ನಗುತ್ತಿದ್ದಾರೆ, ನೀವೊಬ್ಬರೇ ಹೊರಗೆ. ಸಂಗೀತ ಮೊದಲು ನೀವು ಇರುವಲ್ಲಿಗೆ ಬರಬೇಕು. ಆಮೇಲೆ ನಿಧಾನಕ್ಕೆ ಅಲ್ಲಿಂದ ಕದಲಬೇಕು. ಅದನ್ನು ಮನೆಯಲ್ಲಿ ನೀವೇ ಹೇಗೆ ಮಾಡಿಕೊಳ್ಳಬಹುದು ಎಂದು ಬಿಡಿಸಿ ಹೇಳುತ್ತೇನೆ.

ಮೊದಲು ಒಂದೆರಡು ಮಾತು

ಸಂಗೀತ ಚಿಕಿತ್ಸೆ ಬೇರೆ, ಸಮಾಧಾನಕ್ಕೆ ಹಾಡು ಕೇಳುವುದು ಬೇರೆ. ಚಿಕಿತ್ಸೆಯಲ್ಲಿ ತರಬೇತಿ ಪಡೆದವರು ಜೊತೆಗಿರುತ್ತಾರೆ. ಗುರಿ ಇರುತ್ತದೆ. ನುಡಿಸುವುದು, ಹಾಡುವುದು, ಹಾಡು ಕಟ್ಟುವುದು, ಕೇಳಿ ಮಾತಾಡುವುದು ಎಲ್ಲವೂ ಇರುತ್ತದೆ. 2017ರಲ್ಲಿ ಕಾಕ್ರೇನ್ ಸಂಸ್ಥೆ ಖಿನ್ನತೆಗೆ ಸಂಗೀತ ಚಿಕಿತ್ಸೆ ಕೊಟ್ಟ 9 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅವುಗಳಲ್ಲಿ 421 ಜನ ಇದ್ದರು. ಮಾಮೂಲಿ ಚಿಕಿತ್ಸೆಯನ್ನಷ್ಟೇ ಪಡೆದವರಿಗಿಂತ, ಅದರ ಜೊತೆಗೆ ಸಂಗೀತ ಚಿಕಿತ್ಸೆಯನ್ನೂ ಪಡೆದವರಲ್ಲಿ ಖಿನ್ನತೆ ಹೆಚ್ಚು ಇಳಿದಿತ್ತು. ಆತಂಕವೂ ಕಡಿಮೆಯಾಗಿತ್ತು. ಇದು ಕಡಿಮೆ ಅವಧಿಯಲ್ಲಿ ಕಂಡ ಫಲ. ಅದರಲ್ಲಿ "ಜೊತೆಗೆ" ಅನ್ನುವುದನ್ನು ದಯವಿಟ್ಟು ಗಮನಿಸಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಡಿ. ಕೌನ್ಸೆಲಿಂಗ್‌ಗೆ ಹೋಗುತ್ತಿದ್ದರೆ ಬಿಡಬೇಡಿ.

ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಮೇಲೇಳುತ್ತಿಲ್ಲ, ನಿದ್ದೆ, ಹಸಿವು, ಕೆಲಸ ಎಲ್ಲವೂ ಏರುಪೇರಾಗಿದೆ ಅಂದರೆ ಡಾಕ್ಟರನ್ನು ನೋಡಿ. ಸಾಯಬೇಕು ಅನ್ನಿಸುತ್ತಿದ್ದರೆ ಹಾಡಿನ ವಿಷಯ ಪಕ್ಕಕ್ಕಿಡಿ. ಒಬ್ಬರೇ ಇರಬೇಡಿ. ನಂಬಿಕೆಯವರಿಗೆ ಈಗಲೇ ಹೇಳಿ, ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ಆಸ್ಪತ್ರೆಗೆ ಹೋಗಿ.

ಆರು ಹಾಡುಗಳ ಪಟ್ಟಿ

1940ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ ಒಂದು ವಿಚಾರ ಮುಂದಿಟ್ಟರು. ರೋಗಿಯ ಮನಸ್ಥಿತಿಗೆ ಹೊಂದುವ ಸಂಗೀತದಿಂದ ಶುರು ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋಗಿ ಎಂದರು. ನಮ್ಮ ಕಸುಬಿನಲ್ಲಿ ಇದನ್ನು ಐಸೋ ತತ್ವ ಎನ್ನುತ್ತೇವೆ. ನಾನು ಹೆಚ್ಚಾಗಿ ಆತುಕೊಳ್ಳುವುದು ಇದನ್ನೇ.

ಮನೆಯಲ್ಲಿ ಹೀಗೆ ಮಾಡಿ. 20ರಿಂದ 25 ನಿಮಿಷದ ಒಂದು ಪ್ಲೇಲಿಸ್ಟ್ ಕಟ್ಟಿ. ಆರು ಹಾಡು ಸಾಕು. ಮೊದಲ ಎರಡು, ಈಗ ನಿಮಗೆ ಹೇಗನ್ನಿಸುತ್ತಿದೆಯೋ ಹಾಗೇ ಇರಬೇಕು. ಭಾರವಾಗಿದ್ದರೆ ಭಾರ, ಸಿಟ್ಟಿದ್ದರೆ ಸಿಟ್ಟು. ನಡುವಿನ ಎರಡರಲ್ಲಿ ಒಂದು ಕಿಟಕಿ ತೆರೆದಷ್ಟು ಬದಲಾವಣೆ ಇರಲಿ. ಇನ್ನೊಂದು ವಾದ್ಯ ಸೇರಬಹುದು, ಲಯ ಒಂದಿಷ್ಟು ಮುಂದೆ ಹೋಗಬಹುದು, ದನಿ ಸ್ವಲ್ಪ ಮೇಲೇರಬಹುದು. ಕೊನೆಯ ಎರಡು ನೀವು ತಲುಪಬೇಕಾದ ಕಡೆಯವು. ಅಲ್ಲಿ ಸಂಭ್ರಮ ಬೇಕಿಲ್ಲ. ಕೇಳಿದ ಮೇಲೆ ಎದ್ದು ಮುಖ ತೊಳೆಯಬೇಕು ಅನ್ನಿಸಿದರೆ ಅಷ್ಟೇ ಸಾಕು.

ಲಯ ಅಳೆಯುವುದು ಸುಲಭ. ಹಾಡು ಹಾಕಿ, ತೊಡೆಯ ಮೇಲೆ ತಾಳ ಹಾಕುತ್ತಾ 15 ಸೆಕೆಂಡು ಎಣಿಸಿ. ಬಂದದ್ದನ್ನು ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 60–70 ಬಂದರೆ ನಿಧಾನದ್ದು. 80–90 ಆರಾಮದ ನಡಿಗೆಯಷ್ಟು. 110–120 ಚುರುಕಿನದು. ಒಂದು ಹಾಡಿನಿಂದ ಇನ್ನೊಂದಕ್ಕೆ ಹತ್ತು ಹದಿನೈದು ಏರಿದರೆ ಸಾಕು. 60ರಿಂದ ನೇರ 120ಕ್ಕೆ ಹಾರಿದರೆ ಮನಸ್ಸು ಹಿಂದೆಯೇ ಉಳಿಯುತ್ತದೆ.

ಒಬ್ಬ ಹುಡುಗಿ ಕಟ್ಟಿದ ಪಟ್ಟಿ ನೆನಪಾಗುತ್ತದೆ. ಗುರುತು ಸಿಗದಷ್ಟು ಬದಲಿಸಿ ಹೇಳುತ್ತೇನೆ. ಮೊದಲನೆಯದು ಬರೀ ಚೆಲ್ಲೋ (ಪಿಟೀಲಿನಂಥದ್ದೇ, ಆದರೆ ದೊಡ್ಡ ವಾದ್ಯ), ಕೆಳಗಿನ ಸ್ವರಗಳಲ್ಲಿ, ಮಾತೇ ಇಲ್ಲ. "ನನಗೆ ಈಗ ಮಾತು ಬೇಡ" ಅಂದಳು. ಎರಡನೆಯದರಲ್ಲಿ ಅಷ್ಟೇ ನಿಧಾನದ ಲಯ, ಒಂದು ಹೆಣ್ಣುದನಿ, ಅವಳಿಗೆ ಗೊತ್ತಿಲ್ಲದ ಭಾಷೆ. ಮೂರರಲ್ಲಿ ಗಿಟಾರ್. ನಾಲ್ಕರಲ್ಲೂ ಗಿಟಾರೇ, ಆದರೆ ಅರ್ಧದಲ್ಲಿ ಮೆಲ್ಲಗೆ ಡ್ರಮ್ ಸೇರುತ್ತದೆ. ಐದನೆಯದು ಗೆಳತಿಯರ ಜೊತೆ ಹಾಡುತ್ತಿದ್ದ ಹಾಡು. ಲಯದ ಲೆಕ್ಕದಲ್ಲಿ ಸರಿಯಾಗಿ ಕೂರುತ್ತಿತ್ತು. ಆದರೆ ಅದು ಬಂದಾಗೆಲ್ಲ ಅವಳ ಭುಜ ಬಿಗಿಯಾಗುತ್ತಿತ್ತು. ಕೇಳಿದರೆ, ಆ ಗೆಳೆತನ ಮುರಿದು ತುಂಬ ದಿನವಾಗಿತ್ತು. ಆ ಹಾಡನ್ನು ತೆಗೆದೆವು. ಅಷ್ಟೇ ಲಯದ, ಅವಳಿಗೆ ಯಾವ ನೆನಪೂ ಇಲ್ಲದ ಒಂದು ಕೊಳಲಿನ ತುಣುಕು ಹಾಕಿದೆವು. ಆಮೇಲೆ ಪಟ್ಟಿ ಕೊನೆಯವರೆಗೂ ಹರಿಯಿತು.

ನೆನಪಿನ ಮುಂದೆ ಲಯದ ಲೆಕ್ಕ ನಡೆಯುವುದಿಲ್ಲ. ಹಾಗಾಗಿ ಬೇರೆಯವರು ಕಟ್ಟಿದ "ಖಿನ್ನತೆಗೆ ಹಾಡುಗಳು" ಪಟ್ಟಿಯನ್ನು ಕಣ್ಣುಮುಚ್ಚಿ ಹಾಕಿಕೊಳ್ಳಬೇಡಿ. ಒಂದೊಂದೇ ಹಾಡು ಕೇಳಿ. ದವಡೆ, ಭುಜ, ಹೊಟ್ಟೆ ಏನು ಮಾಡುತ್ತಿವೆ ನೋಡಿ. ಬಿಗಿಯಾದರೆ ಆ ಹಾಡು ಸದ್ಯಕ್ಕೆ ಬೇಡ.

ಪಟ್ಟಿ ಹಾಕುವ ಮೊದಲು ಒಂದು ಚೀಟಿಯಲ್ಲಿ ಮನಸ್ಸಿನ ಭಾರಕ್ಕೆ 0ಯಿಂದ 10ರೊಳಗೆ ಒಂದು ಅಂಕ ಬರೆಯಿರಿ. ಮುಗಿದ ಮೇಲೆ ಇನ್ನೊಂದು. 8 ಇದ್ದದ್ದು 7 ಆದರೂ ಅದು ಬದಲಾವಣೆಯೇ. ಕುಗ್ಗಿದ ಮನಸ್ಸು ಇಂಥ ಸಣ್ಣ ಬದಲಾವಣೆಯನ್ನು ನೆನಪಿಟ್ಟುಕೊಳ್ಳುವುದಿಲ್ಲ, ಅದಕ್ಕೇ ಬರೆದಿಡಬೇಕು. ಸತತವಾಗಿ ಅಂಕ ಏರುತ್ತಲೇ ಇದ್ದರೆ ಪಟ್ಟಿ ಬದಲಿಸಿ. ಆ ಚೀಟಿಗಳನ್ನು ಡಾಕ್ಟರಿಗೂ ತೋರಿಸಿ.

ಆತಂಕಕ್ಕೆ ದಾರಿ ಬೇರೆ

ಆತಂಕದಲ್ಲಿ ದೇಹ ಓಡುತ್ತಿರುತ್ತದೆ. ಎದೆ ಡವಡವ ಎನ್ನುತ್ತಿರುವಾಗ ತುಂಬ ನಿಧಾನದ ಸಂಗೀತ ಹಾಕಿದರೆ ಕೆಲವರಿಗೆ ಇನ್ನೂ ಚಡಪಡಿಕೆಯಾಗುತ್ತದೆ. ಇಲ್ಲೂ ಐಸೋ ತತ್ವವೇ, ಆದರೆ ಇಳಿಜಾರಿನಲ್ಲಿ. ಮೊದಲು 95–100ರ, ತಾಳ ಸ್ಪಷ್ಟವಾಗಿ ಕೇಳುವ, ದಿಢೀರನೆ ದನಿ ಏರದ ಒಂದು ತುಣುಕು. ಆಮೇಲೆ 80. ಆಮೇಲೆ 60–65. ಮೊದಲನೆಯದಕ್ಕೆ ನಡೆಯಿರಿ, ಕೋಣೆಯೊಳಗೇ ಸಾಕು. ಎರಡನೆಯದಕ್ಕೆ ನಿಂತು ತೂಗಿ. ಮೂರನೆಯದಕ್ಕೆ ಕೂರಿ.

ಹಾಡು ಮುಗಿದ ತಕ್ಷಣ ಇನ್ನೊಂದನ್ನು ಒತ್ತಬೇಡಿ. ಇಟಲಿಯ ಪಾವಿಯಾದಲ್ಲಿ ಲೂಚಾನೊ ಬರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 24 ಜನರಿಗೆ ಬೇರೆ ಬೇರೆ ಸಂಗೀತ ಕೇಳಿಸಿದರು. ಚುರುಕಿನ ಸಂಗೀತಕ್ಕೆ ಉಸಿರು, ಎದೆಬಡಿತ, ರಕ್ತದೊತ್ತಡ ಏರಿದವು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ನಡುವೆ ಇಟ್ಟಿದ್ದ 2 ನಿಮಿಷದ ಮೌನದಲ್ಲಿ ಅವು ಶುರುವಿನಲ್ಲಿ ಇದ್ದದ್ದಕ್ಕಿಂತಲೂ ಕೆಳಗಿಳಿದವು. ಅದಕ್ಕೇ ನಾನು ಆತಂಕದ ಪ್ಲೇಲಿಸ್ಟಿನಲ್ಲಿ ಮೌನಕ್ಕೂ ಜಾಗ ಇಡಿಸುತ್ತೇನೆ. ಫೋನಿನಲ್ಲಿ 2 ನಿಮಿಷ ಏನೂ ಸದ್ದಿಲ್ಲದ ರೆಕಾರ್ಡಿಂಗ್ ಮಾಡಿ, ಕೊನೆಯ ತುಣುಕಿನ ನಂತರ ಸೇರಿಸಿ. ತಾನಾಗಿ ಬರುತ್ತದೆ.

ಹಾಡು ಹುಡುಕುವಷ್ಟೂ ಸ್ಥಿಮಿತ ಇಲ್ಲದಾಗ ಗುನುಗಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರೆಳೆದುಕೊಳ್ಳಿ. ಬಾಯಿ ಮುಚ್ಚಿ "ಮ್ಮ್" ಎನ್ನುತ್ತಾ ಆರರಿಂದ ಎಂಟು ಎಣಿಸುವಷ್ಟು ಹೊತ್ತು ಬಿಡಿ. ಒಂದು ಕೈ ಎದೆಯ ಮೇಲಿರಲಿ. ಅಲ್ಲಿ ಕಂಪನ ಗೊತ್ತಾಗುತ್ತದೆ. ಶ್ರುತಿ ತಪ್ಪಿದರೂ ಏನೂ ಆಗುವುದಿಲ್ಲ. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿಯೇ ಸ್ವಲ್ಪ ನಿಧಾನವಾಗುತ್ತದೆ. ಗುನುಗಿದರೆ ಆ ಬಿಡುವ ಉಸಿರು ಉದ್ದವಾಗುತ್ತದೆ. ನಾಲ್ಕೈದು ನಿಮಿಷ ಸಾಕು. ತಲೆ ಹಗುರಾದ ಹಾಗಾದರೆ ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡಿ.

ಹೊರಗಿನ ಸದ್ದನ್ನು ಪೂರ್ತಿ ತಡೆಯುವ ಹೆಡ್‌ಫೋನ್ ಹಾಕಿದರೆ ಕೆಲವರಿಗೆ ತಮ್ಮ ಎದೆಬಡಿತವೇ ಜೋರಾಗಿ ಕೇಳಿ ಗಾಬರಿ ಹೆಚ್ಚುತ್ತದೆ. ಅಂಥವರು ಸ್ಪೀಕರಿನಲ್ಲಿ ಕೇಳಿ. ಕಣ್ಣು ಮುಚ್ಚಲೇಬೇಕು ಎಂದೂ ಇಲ್ಲ. ಕಣ್ಣು ತೆರೆದು, ಸಂಗೀತದಲ್ಲಿ ಒಂದೇ ವಾದ್ಯವನ್ನು ಹಿಡಿದುಕೊಂಡು ಹಿಂಬಾಲಿಸಿ. ಎಲ್ಲಕ್ಕಿಂತ ಕೆಳಗಿನ ಸ್ವರದ ವಾದ್ಯವಾದರೆ ಒಳ್ಳೇದು. ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮತ್ತೆ ಬರುತ್ತದೆ ಎಂದು ನೋಡುತ್ತಾ ಹೋದರೆ ತಲೆಯೊಳಗಿನ "ಹಾಗಾದರೆ ಏನು ಗತಿ" ಅನ್ನುವ ಮಾತಿಗೆ ಜಾಗ ಕಡಿಮೆಯಾಗುತ್ತದೆ.

ಇದನ್ನೆಲ್ಲ ಗಾಬರಿ ಬಂದಾಗ ಮೊದಲ ಸಲ ಮಾಡಲು ಹೋಗಬೇಡಿ. ಆರಾಮಾಗಿರುವ ದಿನಗಳಲ್ಲೇ, ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ, ಅದೇ ತುಣುಕಿಗೆ ರೂಢಿ ಮಾಡಿಕೊಳ್ಳಿ. ದೇಹಕ್ಕೆ ಆ ಸಂಗೀತವೂ ಸಮಾಧಾನವೂ ಒಟ್ಟಿಗೆ ಅಭ್ಯಾಸವಾಗಿದ್ದರೆ ಕಷ್ಟದ ಹೊತ್ತಿನಲ್ಲಿ ಅದು ನೆರವಿಗೆ ಬರುತ್ತದೆ.

ಏನು ಕೇಳಿದರೂ ಏನೂ ಅನ್ನಿಸದಿದ್ದರೆ

ಖಿನ್ನತೆಯ ಅತಿ ನೋವಿನ ಭಾಗ ಇದು ಎಂದು ನನಗನ್ನಿಸುತ್ತದೆ. ಒಂದು ಕಾಲದಲ್ಲಿ ಪ್ರಾಣವಾಗಿದ್ದ ಹಾಡು ಈಗ ಬರೀ ಸದ್ದು. ನಮಗೆ ತುಂಬ ಇಷ್ಟದ ಸಂಗೀತ ಕೇಳಿ ಮೈ ಜುಮ್ ಎನ್ನುವಾಗ ಮಿದುಳಿನಲ್ಲಿ ಡೋಪಮೈನ್ ಎಂಬ, ಆಸೆ ಮತ್ತು ಖುಷಿಗೆ ಸಂಬಂಧಿಸಿದ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ತೋರಿಸಿದರು. ಇಷ್ಟದ ಘಟ್ಟ ಬರುವುದಕ್ಕೆ ಮುಂಚೆ, ಅದನ್ನು ಎದುರುನೋಡುವಾಗಲೇ ಅದು ಶುರುವಾಗುತ್ತದೆ. ಖಿನ್ನತೆಯಲ್ಲಿ ಮಂಕಾಗುವುದು ಹೀಗೆ ಎದುರುನೋಡುವ, ಸವಿಯುವ ಶಕ್ತಿಯೇ. ಅದು ಕಾಯಿಲೆಯ ಲಕ್ಷಣ. ನಿಮ್ಮ ಮನಸ್ಸು ಕಲ್ಲಾಗಿಲ್ಲ.

ಹೀಗಿರುವಾಗ ಖುಷಿಗಾಗಿ ಕಾಯಬೇಡಿ. ಹಾಡನ್ನು ಒಂದು ಕೆಲಸಕ್ಕೆ ಕಟ್ಟಿ. ಹಾಸಿಗೆಯಿಂದ ಏಳುವುದಕ್ಕೆ ಒಂದು ಹಾಡು. ಅದು ಮುಗಿಯುವುದರೊಳಗೆ ಕಾಲು ನೆಲಕ್ಕೆ ತಾಗಿದರೆ ಆಯ್ತು. ಹಲ್ಲುಜ್ಜಲು ಇನ್ನೊಂದು. ಹೊರಗೆ ಹೋಗಿ ಹಾಡು ಮುಗಿಯುವಷ್ಟು ದೂರ ನಡೆದು ವಾಪಸ್ ಬರಲು ಮತ್ತೊಂದು. ಮೂರು ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ ಎಂದು ಗೊತ್ತಿರುವುದರಿಂದ ಕೆಲಸ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಇಷ್ಟವಾದ ಹಾಡೇ ಆಗಬೇಕಿಲ್ಲ, ಕಿರಿಕಿರಿ ಮಾಡದ ಹಾಡಾದರೆ ಸಾಕು.

ದುಃಖದ ಹಾಡು ಕೇಳಬಹುದಾ ಎಂದು ತುಂಬ ಜನ ಕೇಳುತ್ತಾರೆ. ಕೇಳಬಹುದು. ಅತ್ತು ಹಗುರಾಗುವುದು ಒಳ್ಳೇದೇ ಅಲ್ವಾ? ಆದರೆ ಹಾಡು ಮುಗಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಎದೆ ಸ್ವಲ್ಪ ಬಿಡಿಸಿಕೊಂಡಿತಾ, ಅಥವಾ ಹಳೇ ತಪ್ಪು, ಹಳೇ ಮಾತು ಮತ್ತೆ ಅಲ್ಲೇ ಗಿರಕಿ ಹೊಡೆಯುತ್ತಿದೆಯಾ? ಗಿರಕಿ ಹೊಡೆಯುತ್ತಿದ್ದರೆ ಆ ಹಾಡು ಗಾಯವನ್ನು ಕೆರೆಯುತ್ತಿದೆ. ಒಂದೇ ಹಾಡನ್ನು ರಿಪೀಟ್‌ಗೆ ಹಾಕಿ, ರಾತ್ರಿ ಒಬ್ಬರೇ, ಕತ್ತಲಲ್ಲಿ ಕೇಳುವ ಅಭ್ಯಾಸವಿದ್ದರೆ ಅದನ್ನು ಬಿಡಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಕೇಳುವುದಷ್ಟೇ ಅಲ್ಲ, ಕೈಯಾಡಿಸಿ

ಫಿನ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಖಿನ್ನತೆ ಇದ್ದ 79 ಜನ ಇದ್ದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆ ವಾರಕ್ಕೆರಡು ಸಲದಂತೆ 20 ಸಲ ಸಂಗೀತ ಚಿಕಿತ್ಸೆ ಕೊಟ್ಟರು. ಅವರು ಕೂತು ಕೇಳಲಿಲ್ಲ. ಚಿಕಿತ್ಸಕರ ಜೊತೆ ಡ್ರಮ್ಮು, ಕೋಲಿನಿಂದ ನುಡಿಸುವ ವಾದ್ಯಗಳನ್ನು ಆ ಕ್ಷಣಕ್ಕೆ ತೋಚಿದ ಹಾಗೆ ನುಡಿಸಿದರು. ಮೂರು ತಿಂಗಳಿಗೆ ಅವರ ಖಿನ್ನತೆ, ಆತಂಕ ಎರಡೂ ಇನ್ನೊಂದು ಗುಂಪಿಗಿಂತ ಹೆಚ್ಚು ಕಡಿಮೆಯಾಗಿದ್ದವು. ಆರು ತಿಂಗಳ ಹೊತ್ತಿಗೆ ಎರಡು ಗುಂಪಿನ ನಡುವಿನ ಅಂತರ ಲೆಕ್ಕಕ್ಕೆ ಸಿಗುವಷ್ಟು ಉಳಿದಿರಲಿಲ್ಲ. ಇದರಿಂದ ನಾನು ತಿಳಿದುಕೊಂಡದ್ದು, ಚಿಕಿತ್ಸೆ ಮುಗಿದ ಮೇಲೂ ನುಡಿಸುವ ಅಭ್ಯಾಸ ಬಿಡಬಾರದು ಎಂದು.

ನನ್ನ ಬಳಿ ಬರುತ್ತಿದ್ದ ನಡುವಯಸ್ಸಿನ ಒಬ್ಬರಿಗೆ ಮಾತೇ ಬರುತ್ತಿರಲಿಲ್ಲ. ಹೇಗಿದ್ದೀರಿ ಎಂದರೆ "ಏನಿಲ್ಲ". ಇಬ್ಬರ ನಡುವೆ ಒಂದು ಡ್ರಮ್ ಇಟ್ಟೆ. ಅವರು ಅಂಗೈಯನ್ನು ಅದರ ಚರ್ಮದ ಮೇಲಿಟ್ಟು ಹಾಗೇ ಕೂತರು. ನಾನೂ ಕೂತೆ. ಬಹಳ ಹೊತ್ತಿನ ಮೇಲೆ ಬೆರಳ ತುದಿಯಲ್ಲಿ ಒಂದೇ ಒಂದು ಸಲ ತಟ್ಟಿದರು. ನಾನೂ ಅಷ್ಟೇ ಮೆಲ್ಲಗೆ ತಟ್ಟಿದೆ. "ಇದರಿಂದ ಏನಾಗುತ್ತೆ?" ಎಂದರು. "ಇನ್ನೊಂದು ಸಲ ತಟ್ಟಿ" ಎಂದೆ. ವಾರಗಳು ಕಳೆದ ಹಾಗೆ ಒಂದು ತಟ್ಟು ಎರಡಾಯಿತು, ಎರಡು ಒಂದು ಲಯವಾಯಿತು. ಒಂದು ದಿನ ಎರಡೂ ಕೈಯಿಂದ ಬಡಿಯಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನಾನು ಅದೇ ಜೋರಿನಲ್ಲಿ ಜೊತೆಗಿದ್ದೆ. ಮುಗಿದಾಗ ಕೈ ಕೆಂಪಾಗಿತ್ತು. "ನನಗೆ ಇಷ್ಟು ಸಿಟ್ಟು ಇತ್ತಾ?" ಎಂದು ಕೇಳಿದರು. ಆ ಸಿಟ್ಟಿನ ಬಗ್ಗೆ ಆಮೇಲೆ ತಮ್ಮ ಡಾಕ್ಟರ ಬಳಿಯೂ ಮಾತಾಡಿದರು.

ಮನೆಯಲ್ಲಿ ವಾದ್ಯ ಇಲ್ಲದಿದ್ದರೆ ಮೇಜು ಇದೆ, ತೊಡೆ ಇದೆ. ಮೂರು ನಿಮಿಷಕ್ಕೆ ಅಲಾರಾಂ ಇಡಿ. ಈ ದಿನ ಹೇಗಿತ್ತೋ ಹಾಗೆ ತಟ್ಟಿ. ಚೆನ್ನಾಗಿ ತಟ್ಟಬೇಕು ಅನ್ನುವುದನ್ನು ಬಿಟ್ಟುಬಿಡಿ. ಕೊನೆಯ ಅರ್ಧ ನಿಮಿಷ ಮಾತ್ರ ಒಂದೇ ಸಮನೆಯ, ಎದೆಬಡಿತದಂಥ ಲಯಕ್ಕೆ ಬನ್ನಿ. ಮಾತು ಇಷ್ಟಪಡುವವರು ಗೊತ್ತಿರುವ ಒಂದು ಧಾಟಿಗೆ ತಮ್ಮದೇ ನಾಲ್ಕು ಸಾಲು ಕೂರಿಸಬಹುದು. ಪ್ರಾಸ ಬೇಡ. "ಇವತ್ತೂ ಏಳಲಾಗಲಿಲ್ಲ" ಎಂದು ಶುರುವಾದರೂ ನಡೆಯುತ್ತದೆ.

ಜೊತೆಗೆ ಹಾಡಲು ಜನ ಸಿಕ್ಕರೆ ಇನ್ನೂ ಒಳ್ಳೇದು. ಹೆರಿಗೆಯ ನಂತರದ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರನ್ನು ಗಮನಿಸಿದ ಬ್ರಿಟನ್ನಿನ ಒಂದು ಅಧ್ಯಯನ 2018ರಲ್ಲಿ ಬಂತು. ಲಕ್ಷಣ ತೀವ್ರವಾಗಿದ್ದವರಲ್ಲಿ, ಗುಂಪಿನಲ್ಲಿ ಹಾಡಿದ ತಾಯಂದಿರು ಮಾಮೂಲಿ ಆರೈಕೆ ಪಡೆದವರಿಗಿಂತ ಬೇಗ ಚೇತರಿಸಿಕೊಂಡರು. ಕಂಠ ಹೇಗಿದೆ ಎಂದು ಯಾರೂ ನೋಡದ ಗುಂಪನ್ನೇ ಹುಡುಕಿ. ಸ್ಪರ್ಧೆಗೆ ತಯಾರು ಮಾಡುವ ಗುಂಪು ಈ ಹೊತ್ತಿಗೆ ಬೇಡ.

ಎಚ್ಚರ ಇರಬೇಕಾದ ಕಡೆ

ದನಿ ಜೋರಾದಷ್ಟೂ ನೋವು ಮುಚ್ಚುತ್ತದೆ ಅನ್ನಿಸುತ್ತದೆ, ಆದರೆ ಕಿವಿ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮಿತಿ. ಬೈಪೋಲಾರ್ ಕಾಯಿಲೆ (ಮನಸ್ಸು ಕೆಲವು ಕಾಲ ಅತಿಯಾಗಿ ಏರಿ, ಕೆಲವು ಕಾಲ ಕುಸಿಯುವ ಕಾಯಿಲೆ) ಇದ್ದು ನಿದ್ದೆ ಕಡಿಮೆಯಾಗಿ ಮನಸ್ಸು ಏರುತ್ತಿರುವ ಸೂಚನೆ ಕಂಡರೆ, ರಾತ್ರಿಯಿಡೀ ಚುರುಕಿನ ಸಂಗೀತ ಬೇಡ, ಡಾಕ್ಟರಿಗೆ ತಿಳಿಸಿ. ಹಿಂದಿನ ಆಘಾತದ ಜೊತೆ ಅಂಟಿಕೊಂಡ ಹಾಡುಗಳನ್ನು ಒಬ್ಬರೇ ಇರುವಾಗ ಮುಟ್ಟಬೇಡಿ. ಅದು ಚಿಕಿತ್ಸಕರ ಜೊತೆ ಮಾಡುವ ಕೆಲಸ. ಇನ್ನು, 432 ಹರ್ಟ್ಜ್ ನಾದ ಕೇಳಿದರೆ ಖಿನ್ನತೆ ಮಾಯ ಎನ್ನುವ ವಿಡಿಯೋಗಳು ಬೇಕಾದಷ್ಟಿವೆ. ಹಿತವಾದರೆ ಕೇಳಿ. ಅದನ್ನು ನಂಬಿ ಮಾತ್ರೆ ಬಿಡಿಸುವವರಿಂದ ದೂರ ಇರಿ.

ಚಿಕಿತ್ಸಕರ ಬಳಿ ಹೋಗುವುದಾದರೆ ಸಂಕೋಚ ಬಿಟ್ಟು ಕೇಳಿ: ಸಂಗೀತ ಚಿಕಿತ್ಸೆಯಲ್ಲಿ ಎಲ್ಲಿ, ಎಷ್ಟು ದಿನ ತರಬೇತಿಯಾಯಿತು? ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ್ದೀರಾ? ನನ್ನ ಡಾಕ್ಟರ ಜೊತೆ ಮಾತಾಡುತ್ತೀರಾ? ಚೆನ್ನಾಗಿ ಹಾಡಬಲ್ಲವರೆಲ್ಲ ಚಿಕಿತ್ಸಕರಲ್ಲ. "ನಿಮ್ಮನ್ನು ಗುಣ ಮಾಡಿಬಿಡುತ್ತೇನೆ" ಎಂದು ಮೊದಲ ದಿನವೇ ಹೇಳಿದರೆ ಬೇರೆಯವರನ್ನು ನೋಡಿ. ನಿಮಗೆ ಸಂಗೀತ ಬರಬೇಕು ಎಂದೇನಿಲ್ಲ.

ಮನೆಯವರಿಗೆ

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಕುಗ್ಗಿ ಕೂತಿದ್ದರೆ "ಇದನ್ನು ಕೇಳು, ಖುಷಿಯಾಗುತ್ತೆ" ಎನ್ನಬೇಡಿ. ಆಗದಿದ್ದರೆ ಅವರಿಗೆ ಅದೂ ಒಂದು ಸೋಲು. "ಹಾಡು ಹಾಕಲಾ? ಯಾವುದು ಬೇಕು?" ಎಂದು ಕೇಳಿ. ಅವರು ಆರಿಸಿದ್ದು ನಿಮಗೆ ಮಂಕಾಗಿ ಕೇಳಿಸಿದರೂ ಬದಲಿಸಬೇಡಿ. ಜೊತೆಗೆ ಕೂತು ಕೇಳಿ. ಅವರ ಆರು ಹಾಡುಗಳ ಪಟ್ಟಿ ಫೋನಿನಲ್ಲಿ ಎಲ್ಲಿದೆ, ಅವರ ಎದುರು ಯಾವ ಹಾಡು ಹಾಕಲೇಬಾರದು, ಇವೆರಡನ್ನೂ ಅವರು ಆರಾಮಾಗಿರುವಾಗ ಕೇಳಿ ತಿಳಿದುಕೊಂಡಿರಿ. ಬೇಡ ಎಂದರೆ ಒತ್ತಾಯ ಮಾಡಬೇಡಿ. ಸಂಜೆ ಇನ್ನೊಂದು ಸಲ ಕೇಳಿ.